ಸತ್ತ ಮೇಲೆ ಲೆಕ್ಕಕ್ಕೆ ಬಂದವನು

"ಬ್ರಷ್ ಏಳಿವೆ. ನೀವು ಆರೇ ಜನ ಅಂತೀರಿ. ಹಾಗಾದರೆ ಈ ಒಂದು ಯಾರ ಬಾಯಿಗೆ?"

ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಕೇಳಿದವನು ಇಂಗ್ಲಿಷರ ಊರಾದ ಫೆನ್‌ಥಾರ್ಪ್‌ನ ಪುರಸಭೆಯಿಂದ ಮನೆ ತಪಾಸಣೆಗೆ ಬಂದ ಹಾಲಿಸ್ ಸಾಹೇಬ. ಕೈಗೆ ನೀಲಿ ರಬ್ಬರಿನ ಗವಸು ಹಾಕಿಕೊಂಡಿದ್ದ. ಬಲ್ಗೇರಿಯಾದ ಕೂಲಿಗಳ ಬ್ರಷ್ಷನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಅವನ ಇಲಾಖೆ ಎಲ್ಲೂ ಬರೆದಿಟ್ಟಿರಲಿಲ್ಲ. ಅದು ಅವನಿಗೆ ತಾನಾಗಿ ಬಂದ ಜಾಣತನ.

ಜ್ಲಾತ್ಕಾ ಒದ್ದೆ ಕಾಲುಚೀಲ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಎಲೆಕೋಸಿನ ಹೊಲದಲ್ಲಿ ನೀರು ನಿಂತು ಆ ದಿನ ಕೆಲಸ ಇರಲಿಲ್ಲ. ಇದ್ದಿದ್ದರೆ ಸಾಹೇಬ ಬರುವ ಹೊತ್ತಿಗೆ ಅವಳೂ ಉಳಿದ ಐವರೂ ಹೊಲದಲ್ಲಿ ಬಗ್ಗಿರುತ್ತಿದ್ದರು, ಬ್ರಷ್ಷುಗಳೇ ಅವನಿಗೆ ಜವಾಬು ಕೊಡಬೇಕಾಗಿತ್ತು.

"ಅದು ಮೆತೋದಿ ಅಣ್ಣುಂದು," ಎಂದಳು.

ಪಕ್ಕದಲ್ಲಿದ್ದ ರುಮ್ಯಾನಾ ಅವಳ ತೋಳು ಜಿಗುಟಿದಳು. ಆ ಮನೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದುದು ರುಮ್ಯಾನಾ ಒಬ್ಬಳಿಗೇ, ಮಾತು ಆಚೆ ಹೋಗಬೇಕಾದರೆ ಅವಳ ಬಾಯಿಂದಲೇ ಹೋಗಬೇಕು. ಆದರೆ ಹೆಸರಿಗೆ ದುಭಾಷಿ ಬೇಕಾಗಲಿಲ್ಲ. ಹಾಲಿಸ್ ಆಗಲೇ ಮೆತೋದಿ ಎಂದು ಬರೆದುಕೊಂಡಿದ್ದ. ಅವರು ಎಲ್ಲಿದ್ದಾರೆ ಎಂದು ಕೇಳಿದ.

"ಸತ್ತೋಗವ್ನೆ," ಎಂದಳು ಜ್ಲಾತ್ಕಾ. ರುಮ್ಯಾನಾ ದಾಟಿಸಿದಳು.

ಹಾಲಿಸ್ ಅನುಭವಸ್ಥ. ಇಂಥ ಮನೆಗಳಲ್ಲಿ ಎಣಿಕೆಗೆ ಹೋದಾಗಲೆಲ್ಲ ಯಾರೋ ಒಬ್ಬರು ಅಂಗಡಿಗೆ ಹೋಗಿರುತ್ತಾರೆ, ಯಾರೋ ಒಬ್ಬರು ತಂಗಿಯ ಮನೆಗೆ ಹೋಗಿರುತ್ತಾರೆ. ಸತ್ತೇ ಹೋಗಿದ್ದಾರೆ ಎಂದು ಹೇಳಿದ ಮನೆ ಇದೇ ಮೊದಲು. ಅವನು ಮೆಚ್ಚಿಕೊಂಡವನಂತೆ ನಕ್ಕು ಅಡುಗೆಮನೆಗೆ ಇಳಿದ.

ಅಲ್ಲಿ ಮೇಜಿನ ಮೇಲೆ ಏಳು ತಟ್ಟೆ. ಏಳನೆಯದರ ಪಕ್ಕ ಒಂದು ಲೋಟ ನೀರು, ಒಂದು ತುಂಡು ಬ್ರೆಡ್ಡು. ಮೇಲೆ, ಮೆಟ್ಟಿಲ ತಲೆಗಿದ್ದ ಗೂಡಿನಲ್ಲಿ, ಮೂಲೆ ಮಡಚಿ ಹಾಸಿದ ಹಾಸಿಗೆ, ದಿಂಬಿನ ಪಕ್ಕ ಕನ್ನಡಕ. ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡ ಮೇಲೆ ಅವನು, ಸತ್ತವರು ಹೀಗೆ ದಿನಾ ಹಾಸಿಗೆ ಹಾಸಿಕೊಳ್ಳುವ ಪದ್ಧತಿ ನಿಮ್ಮ ದೇಶದಲ್ಲಿದೆಯೇ ಎಂದು ಬಹಳ ಸಭ್ಯವಾಗಿ ಕೇಳಿದ.

ಇದೆ. ನಲವತ್ತನೆಯ ದಿನದವರೆಗೆ ಸತ್ತವನು ಮನೆ ಬಿಡುವುದಿಲ್ಲ. ಬರುತ್ತಾನೆ, ನೀರು ಕುಡಿಯುತ್ತಾನೆ, ತನ್ನ ಜಾಗ ಇದೆಯೋ ಇಲ್ಲವೋ ನೋಡುತ್ತಾನೆ. ನಲವತ್ತಕ್ಕೆ ಗೋಧಿ ಬೇಯಿಸಿ, ಮೇಣದಬತ್ತಿ ಹಚ್ಚಿ, ಬಂದವರಿಗೆಲ್ಲ ಕೊಟ್ಟು, ಅವರ ಬಾಯಲ್ಲಿ 'ದೇವರು ಅವನನ್ನು ಮನ್ನಿಸಲಿ' ಅನ್ನಿಸಿದ ಮೇಲೆಯೇ ಅವನಿಗೆ ಬಿಡುಗಡೆ. ಅದಕ್ಕೆ ಮುಂಚೆ ಜಾಗ ತೆಗೆದರೆ ನಾಯಿಯ ಹಾಗೆ ಹೊಸ್ತಿಲು ಕಾಯುತ್ತಾನೆ. ಇದನ್ನೆಲ್ಲ ಜ್ಲಾತ್ಕಾ ಹೇಳಿದಳು, ರುಮ್ಯಾನಾ ಇಂಗ್ಲಿಷಿಗೆ ಮಾಡಿದಳು. ಹಾಲಿಸ್ ಒಂದೇ ಸಾಲು ಬರೆದ: ಏಳನೆಯ ನಿವಾಸಿ, ತಪಾಸಣೆಯ ವೇಳೆ ಗೈರುಹಾಜರು.

ಹೋಗುವಾಗ ಮುಂಬಾಗಿಲಿಗೆ ಅಂಟಿಸಿದ್ದ ಕಪ್ಪು ಅಂಚಿನ ಚೀಟಿಯ ಮುಂದೆ ನಿಂತ. ಸತ್ತವರ ಮುಖ ಅಚ್ಚು ಹಾಕಿಸಿ ಬಾಗಿಲಿಗೆ, ಕಂಬಕ್ಕೆ, ಮರಕ್ಕೆ ಅಂಟಿಸದಿದ್ದರೆ ಜ್ಲಾತ್ಕಾಳ ಊರಿನಲ್ಲಿ ಸಾವೇ ಆದಂತಲ್ಲ. ಮೆತೋದಿಯ ಫೋಟೊ ಬೇರೆ ಯಾವುದೂ ಇರಲಿಲ್ಲ. ತರಕಾರಿ ಕಟ್ಟುವ ಶೆಡ್ಡಿನ ಗುರುತಿನ ಚೀಟಿಯಿಂದ ತೆಗೆದದ್ದು, ತಲೆಗೆ ಕೂದಲು ಉದುರದ ಹಾಗೆ ಹಾಕುವ ಬಲೆ ಹಾಗೇ ಇತ್ತು.

"ಇವರು ಯಾರು? ಚುನಾವಣೆಗೆ ನಿಂತಿದ್ದಾರೆಯೇ?" ಎಂದ ಹಾಲಿಸ್.

ಆ ಮನೆ ಇದ್ದ ಅಲ್ಮಾ ರಸ್ತೆ ಸಂಸಾರಸ್ಥರ ರಸ್ತೆ. ಹಾಗೆಂದು ಪುರಸಭೆ ನಕಾಶೆಯ ಮೇಲೆ ಕೆಂಪು ಗೆರೆ ಎಳೆದಿತ್ತು. ಗೆರೆಯ ಒಳಗೆ ಸಂಸಾರದ ಮನೆಯನ್ನು ಒಡೆದು, ರಕ್ತಸಂಬಂಧ ಇಲ್ಲದವರಿಗೆ ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡಬೇಕಾದರೆ ಅಪ್ಪಣೆ ಬೇಕು. ಅಪ್ಪಣೆ ಕೇಳಬಹುದು, ಸಿಗುವುದಿಲ್ಲ. ಗೆರೆ ರೈಲು ಹಳಿಗೆ ಬಂದು ನಿಲ್ಲುತ್ತಿತ್ತು. ಹಳಿಯ ಆಚೆ ಸಂಸಾರಗಳು ಇರಲಿಲ್ಲವೆಂದಲ್ಲ, ಅವುಗಳಿಗೆ ಸಂಘ ಇರಲಿಲ್ಲ. ಜ್ಲಾತ್ಕಾ ಇದ್ದ ಮನೆ ಕಾಯಿದೆಗಿಂತ ಹಳೆಯ ಬಾಡಿಗೆ ಮನೆಯಾದ್ದರಿಂದ ಆರು ಜನರ ತನಕ ಮಾಫಿ. ಏಳನೆಯವನ ಉಸಿರು ಯಾವತ್ತಾದರೂ ಒಳಗೆ ಆಡಿತ್ತೆಂದು ತಿಳಿದರೂ ಮಾಫಿ ಹೋಯಿತು.

ಪಕ್ಕದ ಮನೆಯಲ್ಲಿ ಟ್ರಾಂಟರ್ ಅಮ್ಮ ಇದ್ದಳು. ನಿವಾಸಿಗಳ ಸಂಘಕ್ಕೆ ಅವಳೇ ಅಧ್ಯಕ್ಷೆ. ನಾಲ್ಕು ಮಲಗುವ ಕೋಣೆಗೆ ಒಬ್ಬಳು ಹೆಂಗಸು, ಎರಡು ಬೆಕ್ಕು. ಅದು ಸಂಸಾರದ ಮನೆ. ಅಲ್ಲಿಗೆ ಯಾರೂ ಬ್ರಷ್ ಎಣಿಸಲು ಹೋದವರಲ್ಲ.

ಮೆತೋದಿ ಆ ಗೂಡಿನಲ್ಲಿ ಮೂರು ವರ್ಷ ಮಲಗಿದ್ದ. ಹಿಂದೆ ಅದು ಕಸಬರಿಕೆ, ಇಸ್ತ್ರಿ ಮಣೆ ಇಡುವ ಜಾಗವಾಗಿತ್ತಂತೆ. ಕಾಲು ನೀಡಬೇಕಾದರೆ ಬಾಗಿಲು ತೆಗೆದಿಡಬೇಕು. ಸಮವಸ್ತ್ರದವರು ಯಾರೇ ಬಾಗಿಲು ತಟ್ಟಲಿ, ಅಂಚೆಯವನೇ ಆಗಲಿ, ಮೆತೋದಿ ಹಿತ್ತಲಿಗೆ ಹೋಗಿ ಕಸದ ಡಬ್ಬಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಬೀಡಿಯಂಥದ್ದೊಂದು ಸುತ್ತಿಕೊಂಡು ಸೇದುತ್ತಿದ್ದ. ಬಂದವರು ಹೋದ ಮೇಲೆ ಎದ್ದು ಬಂದು, "ಎಷ್ಟು ಜನ ಇದ್ದೀವಂತೆ ಇವತ್ತು?" ಎಂದು ಕೇಳುತ್ತಿದ್ದ. ಆರು ಎಂದರೆ, "ಸದ್ಯ, ನಾನಿನ್ನೂ ಹುಟ್ಟಿಲ್ಲ," ಎನ್ನುತ್ತಿದ್ದ.

ಒಂದು ಬೆಳಗ್ಗೆ ಕೂಲಿಯವರ ವ್ಯಾನು ಬಂದು ಹಾರನ್ ಮಾಡಿದರೂ ಅವನು ಏಳಲಿಲ್ಲ. ಆಂಬುಲೆನ್ಸಿಗೆ ಮುಂಚೆ ಬಂದವನು ಯೋರ್ಡಾನ್. ಮನೆಯ ಧಣಿ ಲಾರಿಮರ್‌ನನ್ನು ಆ ಮನೆಯವರು ಯಾರೂ ಕಂಡಿರಲಿಲ್ಲ. ಬಾಡಿಗೆ ಎತ್ತುವವನು, ಬೈಯುವವನು, ಬಲ್ಬು ಹಾಕಿಸದಿರುವವನು ಎಲ್ಲ ಯೋರ್ಡಾನೇ. ಜ್ಲಾತ್ಕಾಳ ಪಕ್ಕದ ಊರಿನ ಹುಡುಗ, ಇಲ್ಲಿಗೆ ಬಂದು ಕೋಟು ಹಾಕಿದವನು. ಅವನೂ, ರುಮ್ಯಾನಾಳ ಗಂಡ ತ್ಸ್ವೆತಾನನೂ ಸೇರಿ ಹೆಣವನ್ನು ಗೂಡಿನಿಂದ ಇಳಿಸಿ ಕೆಳಗಿನ ಸೋಫಾದ ಮೇಲೆ ಮಲಗಿಸಿದರು. ಮೆಟ್ಟಿಲಲ್ಲಿ ಒಂದು ಚಪ್ಪಲಿ ಬಿತ್ತು. ಜ್ಲಾತ್ಕಾ ಎತ್ತಿ ಕಾಲಿಗೆ ತೊಡಿಸಿದಳು. "ನೆಂಟ. ರಾತ್ರಿ ಉಳ್ಕಂಡಿದ್ದ. ಅಷ್ಟೇಯಾ," ಎಂದು ಯೋರ್ಡಾನ್ ಎಲ್ಲರಿಗೂ ಪಾಠ ಹೇಳಿಕೊಟ್ಟ. ಆಂಬುಲೆನ್ಸಿನವರು ನೆಂಟನೆಂದೇ ಬರೆದುಕೊಂಡರು. ಮೂರು ವರ್ಷದ ನೆಂಟ.

ಬಲ್ಗೇರಿಯಾದ ಊರಲ್ಲಿ ಅವನಿಗೆ ಯಾರೂ ಇರಲಿಲ್ಲ. ಪುರಸಭೆಯೇ ಮಣ್ಣು ಮಾಡುತ್ತದೆ ಎಂದರು, ಆಮೇಲೆ ಮಣ್ಣಲ್ಲ, ಬೆಂಕಿ ಎಂದರು. ಬೆಳಗಿನ ಮೊದಲ ಸರದಿ ದಿಕ್ಕಿಲ್ಲದವರಿಗೆ ಅಗ್ಗವಂತೆ. ಆ ಹೊತ್ತಿನಲ್ಲಿ ಮನೆಯವರೆಲ್ಲ ಹೊಲದಲ್ಲಿದ್ದರು. ಹೀಗಾಗಿ ಮೆತೋದಿಗೆ ಗೋರಿ ಇಲ್ಲ, ಶಿಲುಬೆ ಇಲ್ಲ, ಮೇಣದಬತ್ತಿ ನೆಡುವುದಕ್ಕೆ ಒಂದು ಹಿಡಿ ನೆಲ ಇಲ್ಲ. ಅವನು ತಿರುಗಿ ಬರಬಹುದಾದ ಜಾಗ ಭೂಮಿಯ ಮೇಲೆ ಒಂದೇ, ಆ ಗೂಡು. ನಲವತ್ತನ್ನು ಅಲ್ಲೇ ಮಾಡುತ್ತೇನೆಂದು ಜ್ಲಾತ್ಕಾ ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಹಾಲಿಸ್ ಬಂದುಹೋದ ಸಂಜೆ ಯೋರ್ಡಾನ್ ಬಂದ. ಬಂದವನೇ ಮೆತೋದಿಯ ಕುರ್ಚಿಯಲ್ಲಿ ಕೂತು, ಅವನಿಗಿಟ್ಟ ಲೋಟದ ನೀರನ್ನು ಎತ್ತಿ ಗಟಗಟ ಕುಡಿದ.

"ಅಕ್ಕಾ, ನಿನ್ ತಲೇಲಿರಾದು ಮೆದುಳೋ ಕೋಸೋ? ಸತ್ತೋನ್ ಬ್ರಷ್ಷ ಯಾವಳಾರ ಮಡಿಕಂಡಾಳಾ?"

ಜ್ಲಾತ್ಕಾ ಲೋಟ ತೊಳೆದು ಮತ್ತೆ ನೀರು ತುಂಬಿಟ್ಟಳು.

"ನಿಮ್ಮವ್ವ ಮಡಿಕಂಡಿದ್ಲು ಕಣ್ಲಾ, ನಿಮ್ಮಪ್ಪ ಸತ್ತಾಗ. ನಿನ್ಗೆ ಗ್ಯಾನ ಇಲ್ಲ. ಆಗಿನ್ನೂ ಚಡ್ಡೀಲೇ ಉಚ್ಚೆ ಹುಯ್ಕತಿದ್ದೆ."

ತ್ಸ್ವೆತಾನ್ ನಕ್ಕ. ಯೋರ್ಡಾನ್ ತಾನೂ ನಕ್ಕ ಹಾಗೆ ಮಾಡಿ ವಿಷಯಕ್ಕೆ ಬಂದ. ಪುರಸಭೆಯಲ್ಲಿ ಸಭೆ ಇದೆ. ಟ್ರಾಂಟರ್ ಮುದುಕಿ ಏಳು ಜನ ಎಂದು ಅರ್ಜಿ ಕೊಟ್ಟಿದ್ದಾಳೆ, ಧಣಿ ಆರು ಎಂದು ವಕೀಲನನ್ನು ಇಟ್ಟಿದ್ದಾನೆ. ಏಳೆಂದಾದರೆ ಮನೆ ಮುಚ್ಚಬೇಕು. ಮನೆಯೊಳಗಿನವರೇ ಒಬ್ಬರು ಬಂದು ಆರೆಂದರೆ ಕತೆ ಮುಗಿಯುತ್ತದೆ. ವಯಸ್ಸಾದ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದರೆ ಇಂಗ್ಲಿಷಿನವರು ಕರಗುತ್ತಾರೆ.

"ಆರು ಜನ, ಯಾವತ್ತೂ ಆರೇ ಜನ, ಮೆತೋದಿ ನೆಂಟ. ಇಷ್ಟು ಅಂದ್ಬುಡು ಅಕ್ಕಾ. ನಲವತ್ತ ಇದೇ ಮನೇಲಿ ಗ್ರಾಂಡಾಗಿ ಮಾಡ್ಕ. ಪಾದ್ರೀನ ನಾನೇ ಕರ್ಕಂಡ್ ಬತ್ತೀನಿ, ವೈನೂ ನಂದೇಯಾ. ಇಲ್ಲಾಂದ್ರೆ ಸತ್ತೋನ್ ಜತೆ ನೀವೂ ಬೀದೀಲಿ ಕೂತ್ಕಳಿ."

ಅವನು ಹೋದ ಮೇಲೆ ಊಟಕ್ಕೆ ಕೂತರು, ಯಾರೂ ಚಮಚ ಎತ್ತಲಿಲ್ಲ. ಬೀನ್ಸಿನ ಸಾರು ಆರಿಹೋಯಿತು. ಕೊನೆಗೆ ತ್ಸ್ವೆತಾನ್ ತಟ್ಟೆ ನೋಡುತ್ತ ಹೇಳಿದ:

"ಅಕ್ಕಾ, ಬದುಕಿದ್ದಾಗ ಅವ್ನೇ ಡಬ್ಬದ್ ಹಿಂದೆ ಕೂತು ನಮ್ಮನ್ನ ಕಾಯ್ತಿದ್ದ. ಸತ್ ಮೇಲೂ ಒಂದ್ಸಲ ಕೂತ್ಕಳ್ಳಿ ಬುಡು. ಏನೂ ಅನ್ಕಳಕಿಲ್ಲ ಅವ್ನು."

ಅದು ಸುಳ್ಳಲ್ಲ. ಮೆತೋದಿ ಏನೂ ಅಂದುಕೊಳ್ಳುತ್ತಿರಲಿಲ್ಲ. ಜ್ಲಾತ್ಕಾ ಸರಿ ಎಂದಳು. ಬ್ರಷ್ಷನ್ನು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.

ಪುರಸಭೆಯ ಹಾಲಿನಲ್ಲಿ ಟ್ರಾಂಟರ್ ಅಮ್ಮ ಮೊದಲು ಮಾತಾಡಿದಳು. ತನಗೆ ಯಾವ ದೇಶದವರ ಮೇಲೂ ದ್ವೇಷವಿಲ್ಲವೆಂದು ಶುರುಮಾಡಿದಳು. ಆ ಹಾಲಿನಲ್ಲಿ ಎಲ್ಲರೂ ಹಾಗೇ ಶುರುಮಾಡುತ್ತಿದ್ದರು. ಆಮೇಲೆ ಕಸದ ಡಬ್ಬಗಳ ವಿಷಯ ಬಂತು. ಶರತ್ಕಾಲದಲ್ಲಿ ಹಿತ್ತಲಲ್ಲಿ ಮೂಟೆಗಟ್ಟಲೆ ಮೆಣಸಿನಕಾಯಿ ಸುಡುವ ಹೊಗೆ, ಆ ಹೊಗೆಗೆ ಕೆಮ್ಮುವ ಬೆಕ್ಕು. ಬೆಳಗಾಗುವ ಮುಂಚೆಯೇ ಬರುವ ವ್ಯಾನು. ರಸ್ತೆಗೆ ಒಂದು ಸ್ವಭಾವ ಇರುತ್ತದೆ, ಅದು ಸಂಸಾರಗಳಿಂದ ಬರುತ್ತದೆ, ಕೂಲಿಗಳು ಬರುತ್ತಾರೆ ಹೋಗುತ್ತಾರೆ, ಅವರಿಗೆ ಒಬ್ಬರಿಗೊಬ್ಬರು ಏನೂ ಅಲ್ಲ ಎಂದಳು. ಆ ಕೂಲಿಗಳು ಕೊಯ್ದ ಕೋಸು ಅಂದು ಮಧ್ಯಾಹ್ನ ಅವಳ ತಟ್ಟೆಯಲ್ಲೂ ಇತ್ತೋ ಏನೋ, ಅದು ಸಭೆಯ ವಿಷಯಪಟ್ಟಿಯಲ್ಲಿರಲಿಲ್ಲ.

ಆಮೇಲೆ ದೀಪ ಆರಿಸಿ ಹಾಲಿಸ್ ತೆಗೆದ ಚಿತ್ರಗಳನ್ನು ಗೋಡೆಯ ಮೇಲೆ ಬಿಟ್ಟರು. ಮೆತೋದಿಯ ಬ್ರಷ್ಷು ಆಳೆತ್ತರ ನಿಂತಿತು. ಕೂದಲು ಸವೆದು ಒಂದು ಕಡೆಗೆ ಬಾಗಿತ್ತು. ಕೆಳಗೆ 'ಏಳನೆಯ ನಿವಾಸಿ (ಗೈರುಹಾಜರು)'. ಬದುಕಿದ್ದಷ್ಟು ಕಾಲ ಡಬ್ಬಗಳ ಹಿಂದೆ ಅಡಗಿದವನು ಈಗ ಇಷ್ಟು ದೊಡ್ಡ ಗೋಡೆ ತುಂಬಿಕೊಂಡಿದ್ದ, ಗಣ್ಯರು ಕತ್ತೆತ್ತಿ ನೋಡುತ್ತಿದ್ದರು. ನಂತರ ಗೂಡಿನ ಚಿತ್ರ ಬಂತು. ಧಣಿಯ ವಕೀಲ ಎದ್ದು, ಆರು ಜನರ ಮನೆ ಇದು, ಈ ಹಾಸಿಗೆ ಒಮ್ಮೆ ಬಂದ ನೆಂಟನದ್ದು, ಆತ ತೀರಿಕೊಂಡದ್ದು ದುಃಖದ ವಿಷಯ ಎಂದ. ಸದಸ್ಯರಲ್ಲೊಬ್ಬ, ಬಿಳಿ ಮೀಸೆಯ ದಯಾವಂತ ಮುದುಕ, ಕನ್ನಡಕ ಏರಿಸಿಕೊಂಡು ಆ ಚಿತ್ರವನ್ನು ನೋಡಿದ. ನೋಡಿ, ವಕೀಲರ ಮಾತು ನಂಬತಕ್ಕದ್ದೇ ಎಂದ. ಕಾರಣ ಕೊಟ್ಟ: "ಇಷ್ಟು ಜಾಗದಲ್ಲಿ ಮನುಷ್ಯನಾದವನು ವಾಸ ಮಾಡುವುದು ಸಾಧ್ಯವೇ ಇಲ್ಲ. ಆದ್ದರಿಂದ ಯಾರೂ ವಾಸ ಮಾಡಿಲ್ಲ."

ಹಲವರು ತಲೆದೂಗಿದರು.

ಆಮೇಲೆ ಜ್ಲಾತ್ಕಾಳನ್ನು ಕರೆದರು. ತಲೆಗೆ ಬಟ್ಟೆ ಕಟ್ಟಿಕೊಂಡೇ ಬಂದಿದ್ದಳು. ಪಕ್ಕದಲ್ಲಿ ರುಮ್ಯಾನಾ, ಅಲ್ಲಿಯ ತನಕ ಆಡಿದ್ದನ್ನೆಲ್ಲ ಅವಳ ಕಿವಿಗೆ ಹಾಕಿದವಳು. ಎದುರು ಸಾಲಿನಲ್ಲಿ ಯೋರ್ಡಾನ್, ಇಸ್ತ್ರಿ ಮಾಡಿದ ಕೋಟು, ಎರಡೂ ಕೈ ಸೇರಿಸಿ ಆರು ಬೆರಳು ಎತ್ತಿ ತೋರಿಸುತ್ತಿದ್ದ, ಅವಳು ಮರೆತಾಳೆಂದು. ಎಷ್ಟು ಜನ ವಾಸವಿದ್ದಿರಿ ಎಂದು ಸಮಿತಿಯ ಅಧ್ಯಕ್ಷ ಕೇಳಿದ.

ಆರು ಎನ್ನಲು ಬಾಯಿ ತೆರೆದಳು. ಗೋಡೆಯ ಮೇಲೆ ಗೂಡಿನ ಚಿತ್ರ ಇನ್ನೂ ಹಾಗೇ ಇತ್ತು. ದಿಂಬಿನ ಪಕ್ಕದ ಕನ್ನಡಕ ಅವಳನ್ನೇ ನೋಡುತ್ತಿತ್ತು.

"ಏಳು ಜನ," ಎಂದಳು. "ಆ ಗೂಡ್ನಲ್ಲಿ ಮೆತೋದಿ ಅಂತ ಒಬ್ಬ ಮೂರ್ ವರ್ಸ ಮಲಗವ್ನೆ. ಕಾಲು ನೀಡ್ಬೇಕಾದ್ರೆ ಬಾಗಲು ತಗೀಬೇಕಿತ್ತು. ಸಾಧ್ಯ ಇಲ್ಲ ಅಂತೀರಲ್ಲ, ನಿಮ್ ಊರ್ ಕೋಸ ಕುಯ್ದು ಬಂದು ಅಲ್ಲೇ ಮಲೀಕತಿದ್ದ, ಅಲ್ಲೇ ಸತ್ತ. ನೆಂಟ ಅಂತ ನಾವೇ ಸುಳ್ಳು ಹೇಳ್ದೋ, ಹೇಳ್ಸುದ್ರು, ಹೇಳ್ದೋ. ನೆಂಟ ಅಲ್ಲ. ಏಳು ಅಂತ ಬರ್ಕಳಿ."

ದಾಟಿಸುವ ಸರದಿ ಈಗ ರುಮ್ಯಾನಾಳದು. ಆ ಮಾತನ್ನು ದಾಟಿಸಿದರೆ ತನ್ನ ಕೋಣೆ ಹೋಗುತ್ತದೆ, ಗಂಡನ ಕೋಣೆ ಹೋಗುತ್ತದೆ. ದಾಟಿಸದೆ ಆರು ಎಂದುಬಿಟ್ಟರೆ ಈ ಹಾಲಿನಲ್ಲಿ ತಿಳಿಯುವವನು ಯೋರ್ಡಾನ್ ಒಬ್ಬನೇ. ಅವನು ಅವಳನ್ನೇ ನೋಡಿ ಹಲ್ಲು ಕಚ್ಚಿ ಆರು, ಆರು ಎನ್ನುತ್ತಿದ್ದ. ಅಧ್ಯಕ್ಷ ಗಡಿಯಾರ ನೋಡಿದ. ರುಮ್ಯಾನಾ ಒಂದು ಪದ ಬಿಡದೆ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿದಳು. ಕೋಸನ್ನೂ ಬಿಡಲಿಲ್ಲ.

ಮೃತರು ನಿಮಗೆ ಏನಾಗಬೇಕಿತ್ತು ಎಂದು ಅಧ್ಯಕ್ಷ ಕೇಳಿದ.

"ಏನೂ ಆಗ್ಬೇಕಿರ್ನಿಲ್ಲ, ಸಾಮಿ."

ಹಾಗಾದರೆ ನೀವು ಒಂದೇ ಸಂಸಾರವಲ್ಲ ಎಂದು ಅವನು ದಾಖಲು ಮಾಡಿಸಿದ. ಗೂಡಿನ ವಿಷಯ ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ, ಸಾವಿನ ವಿಷಯ ಬೇರೆ ಇಲಾಖೆಗೆ ಸೇರಿದ್ದು. ಸಮಿತಿಯ ಮುಂದಿದ್ದುದು ಆರೋ ಏಳೋ ಎಂಬುದಷ್ಟೆ. ಏಳು. ಕೈಗಳು ಎದ್ದವು. ಮನೆಯನ್ನು ಕೂಲಿಗಳಿಗೆ ಬಾಡಿಗೆಗೆ ಕೊಡುವುದು ನಿಲ್ಲಬೇಕು ಎಂದಾಯಿತು.

ಹೊರಗೆ ಟ್ರಾಂಟರ್ ಅಮ್ಮ ಹುಡುಕಿಕೊಂಡು ಬಂದು ಜ್ಲಾತ್ಕಾಳ ಎರಡೂ ಕೈ ಹಿಡಿದುಕೊಂಡಳು. ಮೂರು ವರ್ಷದಲ್ಲಿ ಅವಳು ಈ ಕಡೆಗೆ ಆಡಿದ ಮೊದಲ ಮಾತು ಅದು. "ತುಂಬಾ ಉಪಕಾರವಾಯಿತು. ನಿಮ್ಮಂಥ ಪ್ರಾಮಾಣಿಕರು ಇರುವುದರಿಂದಲೇ ನಮ್ಮ ರಸ್ತೆ ಉಳಿದದ್ದು," ಎಂದಳು. ಕಣ್ಣಲ್ಲಿ ನೀರೂ ಇತ್ತು. ರುಮ್ಯಾನಾ ಆ ಮಾತನ್ನು ಮಾತ್ರ ಜ್ಲಾತ್ಕಾಳಿಗೆ ದಾಟಿಸಲಿಲ್ಲ.

ಮನೆ ಬಿಡಲು ಪುರಸಭೆ ತಿಂಗಳುಗಟ್ಟಲೆ ಗಡುವು ಕೊಟ್ಟಿತ್ತು. ಯೋರ್ಡಾನ್ ಒಂದು ಮಧ್ಯಾಹ್ನ ಕೊಟ್ಟ. ಅವರು ಹೊಲದಿಂದ ಬರುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ, ಗಂಟುಮೂಟೆ ಹಿತ್ತಲಲ್ಲಿ ಕಸದ ಡಬ್ಬಗಳ ಪಕ್ಕ. ಮೆತೋದಿಯ ಹಾಸಿಗೆ ಡಬ್ಬದ ಒಳಗೇ ಇತ್ತು. "ನಿಮ್ ಪುಣ್ಯಾತ್ಗಿತ್ತೀನೇ ಕೇಳ್ಕಳಿ," ಎಂದು ಜ್ಲಾತ್ಕಾಳನ್ನು ತೋರಿಸಿ, ಸೂಳೆಮುಂಡೆ ಎಂದು ಸೇರಿಸಿದ. ಆದರೂ ಅವನ ಮನಸ್ಸು ದೊಡ್ಡದು. ರೈಲು ಹಳಿಯ ಆಚೆ ಧಣಿಗೆ ಇನ್ನೊಂದು ಮನೆ ಇತ್ತು, ಅಲ್ಲಿಗೆ ನಡೆಯಿರಿ ಎಂದ. ಅದಾಗಲೇ ತುಂಬಿತ್ತು. ಗೋಡೆಗೆ ಬೂಷ್ಟು, ಬಾಡಿಗೆ ಹೆಚ್ಚು, ಕೋಣೆಗೆ ಮೂವರು. ಆದರೆ ಕೆಂಪು ಗೆರೆ ಹಳಿಯ ಈಚೆಗೇ ನಿಂತಿತ್ತಲ್ಲ, ಅಲ್ಲಿ ಎಲ್ಲ ಕಾಯಿದೆ ಪ್ರಕಾರವೇ ಇತ್ತು.

ತ್ಸ್ವೆತಾನ್ ಹಳಿ ದಾಟುವ ತನಕ ಜ್ಲಾತ್ಕಾಳೊಂದಿಗೆ ಮಾತಾಡಲಿಲ್ಲ. ದಾಟಿದ ಮೇಲೆ ಅವಳ ಗಂಟನ್ನು ತಾನೇ ಇಸಿದುಕೊಂಡ.

ನಲವತ್ತನೆಯ ದಿನ ಕೆಲಸದ ದಿನವೇ ಬಂತು. ಬೆಳಗ್ಗೆ ವ್ಯಾನು ಬಂದು ಹಾರನ್ ಮಾಡಿತು. ಜ್ಲಾತ್ಕಾ ಆ ಹೊತ್ತಿಗೆ ಬೇಯಿಸಿದ ಗೋಧಿಯ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ, ಮಡಚುವ ಮೇಜನ್ನು ಬೆನ್ನಿಗೆ ಹಾಕಿಕೊಂಡು ಹಳಿ ದಾಟುತ್ತಿದ್ದಳು. ಹಿಂದೆ ಮೇಸ್ತ್ರಿ ಯಾರ್ಯಾರ ಹೆಸರೋ ಕೂಗಿ, ಇವತ್ತು ಬರದಿದ್ದವರು ನಾಳೆಯೂ ಬರಬೇಡಿ ಎನ್ನುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ತ್ಸ್ವೆತಾನ್ ಎರಡು ಕುರ್ಚಿ ಹೊತ್ತು ಬರುತ್ತಿದ್ದುದು ಕಾಣುತ್ತಿತ್ತು.

ಅಲ್ಮಾ ರಸ್ತೆಯ ಆ ಮನೆಯ ಮುಂದೆ 'ಸಂಸಾರಕ್ಕೆ ಯೋಗ್ಯವಾದ ಮನೆ, ಮಾರಾಟಕ್ಕಿದೆ' ಎಂದು ಹಲಗೆ ನೆಟ್ಟಿದ್ದರು. ಕಂಬಕ್ಕೆ ಪುರಸಭೆ ತನ್ನ ಹಳದಿ ಕಾಗದ ಕಟ್ಟಿತ್ತು, ಈ ಮನೆಯಲ್ಲಿ ಏನೇನು ನಡೆಯಕೂಡದೆಂದು. ಜ್ಲಾತ್ಕಾ ಹಿಟ್ಟಿನ ಅಂಟು ಸವರಿ ಅದರ ಮೇಲೆ ಮೆತೋದಿಯ ನಲವತ್ತರ ಚೀಟಿ ಅಂಟಿಸಿದಳು. ಅದೇ ಮುಖ, ಅದೇ ತಲೆಬಲೆ. ಕೆಳಗೆ ರುಮ್ಯಾನಾ ಇಂಗ್ಲಿಷಿನಲ್ಲೂ ಒಂದು ಸಾಲು ಅಚ್ಚು ಹಾಕಿಸಿದ್ದಳು: ಈ ಮನೆಯಲ್ಲಿ ವಾಸವಾಗಿದ್ದರು. ಮೇಜನ್ನು ಹೊಸ್ತಿಲಿಗೆ ತಾಗುವ ಹಾಗೆ, ಪಾದಚಾರಿಗಳ ದಾರಿಯ ಮೇಲೇ ಬಿಡಿಸಿದಳು. ಏಳು ತಟ್ಟೆ. ಏಳನೆಯದರ ಪಕ್ಕ ನೀರಿನ ಲೋಟ, ಬ್ರೆಡ್ಡು, ಕನ್ನಡಕ, ಬ್ರಷ್ಷು. ಗೋಧಿಯ ಮೇಲೆ ಸಕ್ಕರೆ ಉದುರಿಸಿ, ಮೇಣದಬತ್ತಿ ನೆಟ್ಟು ಹಚ್ಚಿದಳು.

ಉಳಿದವರು ಒಬ್ಬೊಬ್ಬರಾಗಿ ಕುರ್ಚಿ ಹೊತ್ತು ಬಂದು ಕೂತರು. ಪಕ್ಕದ ಮನೆಯ ಪರದೆ ಅಲ್ಲಾಡಿತು, ನಿಂತಿತು, ಅಲ್ಲಾಡಿತು.

ಮೊದಲ ತುತ್ತು ಇನ್ನೂ ಬಾಯಿಗೆ ಹೋಗಿರಲಿಲ್ಲ, ಹಾಲಿಸ್ ಬಂದ. ಮನೆ ಖಾಲಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದಿದ್ದವನು, ಬೀದಿಯಲ್ಲಿ ಹಾಸಿದ ಮೇಜು ನೋಡಿ ನಿಂತ. ದಾರಿಗೆ ಅಡ್ಡ ಎಂದ. ಬೀದಿಯಲ್ಲಿ ಬೆಂಕಿ ಹಚ್ಚುವುದಕ್ಕೆ ಅನುಮತಿ ಬೇಕು ಎಂದ. ಕಂಬದ ಕಾಗದವನ್ನು ಮುಚ್ಚುವುದು ಅಪರಾಧ ಎಂದ. ಹೇಳುತ್ತಲೇ ಫೋನು ತೆಗೆದು, ಅಭ್ಯಾಸಬಲದಿಂದ, ತಟ್ಟೆಗಳನ್ನು ಎಣಿಸಲು ಶುರುಮಾಡಿದ. ತುಟಿ ಅಲ್ಲಾಡುತ್ತಿತ್ತು.

ಜ್ಲಾತ್ಕಾ ಎದ್ದು ಒಂದು ಬಟ್ಟಲು ಗೋಧಿಯನ್ನು ಅವನ ಇನ್ನೊಂದು ಕೈಗೆ ಇಟ್ಟಳು. ಕೊಟ್ಟದ್ದನ್ನು ಬೀಳಿಸದೆ ಹಿಡಿದುಕೊಳ್ಳುವುದು ಅವನ ಸಂಸ್ಕಾರ, ಹಿಡಿದುಕೊಂಡ. ಇವತ್ತು ಗವಸು ಇರಲಿಲ್ಲ. ಬಟ್ಟಲು ಸುಡುತ್ತಿತ್ತು.

"ಇದನ್ನ ಇಸ್ಕಂಡೋರು 'ದೇವ್ರು ಅವನ್ನ ಮನ್ನಿಸ್ಲಿ' ಅನ್ಬೇಕು, ಸಾಮಿ," ಎಂದಳು. "ಅಂದ್ಬುಟ್ಟು ಆಮೇಲೆ ಎಣಿಸ್ಕಳಿ."

ರುಮ್ಯಾನಾ ಅದನ್ನು ಇಂಗ್ಲಿಷಿಗೆ ಮಾಡಿದಳು. ಹಾಲಿಸ್ ಎಣಿಕೆ ನಿಲ್ಲಿಸಿದ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಬಿಸಿ ಬಟ್ಟಲು. ಅದನ್ನು ಇಡಲು ಜಾಗ ಹುಡುಕಿದ. ಮೇಜಿನ ಮೇಲೆ ಮೊಣಕೈಗಳು, ನೆಲದ ಮೇಲೆ ಕಾಲುಗಳು. ಖಾಲಿ ಇದ್ದುದು ಏಳನೆಯ ಕುರ್ಚಿ ಒಂದೇ. ಯಾರೂ ಸರಿಯಲಿಲ್ಲ. ಬೆರಳು ಸುಟ್ಟುಕೊಳ್ಳುತ್ತ ಅವನು ನಿಂತೇ ಇದ್ದ.